ಸಿಂಹಾಸನದ ಮೇಲೊಂದು ಪೇಟ

ಮೊದಲೇ ಕ್ಷಮೆ ಕೇಳಿಕೊಳ್ಳುವುದು ಒಳ್ಳೆಯದು. ರಾಜಮನೆತನಗಳ ಕತೆ ಹೇಳಬೇಕಾದವರು ಪಾರಸಿ ಬಲ್ಲವರು, ಶಾಸನಗಳನ್ನು ಮುಟ್ಟಿ ನೋಡಿದವರು. ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಕಲಿತವರು ಇಂಥದ್ದಕ್ಕೆ ಕೈ ಹಾಕಬಾರದು. ಅದರ ಮೇಲೆ ಇದು ಬದುಕಿರುವವರ ಮನೆಯ ಮಾತು. ಆದರೆ ನಾಗರಾಜನಿಗೆ ಆ ಭಾನುವಾರ ಏನಾಯಿತೆಂದು ಹೇಳಬೇಕಾದರೆ, ಐನೂರು ವರ್ಷಗಳ ಹಿಂದೆ ಬೀದರಿನ ಒಬ್ಬ ಸುಲ್ತಾನನಿಗೆ ಏನಾಯಿತೆಂಬುದನ್ನೂ ಹೇಳಲೇಬೇಕು. ಒಂದನ್ನು ಬಿಟ್ಟರೆ ಇನ್ನೊಂದು ನಿಲ್ಲುವುದಿಲ್ಲ. ಎಡವಿದ ಕಡೆ ಬಲ್ಲವರು ತಿದ್ದಿಕೊಳ್ಳಬೇಕು.

ನಾಗರಾಜ ಬೀದರಿನವನು. ಹಗಲು ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಗಳಲ್ಲಿ ಓದಿ ಇಂಜಿನಿಯರ್ ಆದವನು. ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹಿಡಿದು ಅಲಿ ಬರೀದನ ಗೋರಿಗೆ ಹೋಗಿ ಕೂರುತ್ತಿದ್ದ. ಆ ಗೋರಿಗೆ ಬಾಗಿಲುಗಳಿಲ್ಲ, ನಾಲ್ಕೂ ದಿಕ್ಕಿಗೆ ತೆರೆದ ಕಮಾನುಗಳು. ಊರಿನಲ್ಲೆಲ್ಲ ಮಬ್ಬು ಕವಿದ ಮೇಲೂ ಅಲ್ಲಿ ಒಂದಷ್ಟು ಬೆಳಕು ಉಳಿದಿರುತ್ತಿತ್ತು. ಸತ್ತವನ ಮನೆ ಇಷ್ಟು ತೆರೆದಿದೆ, ಬದುಕಿದವರ ಮನೆಗಳೇಕೆ ಇಷ್ಟು ಇಕ್ಕಟ್ಟು ಎಂದು ಆಗ ಅನಿಸುತ್ತಿತ್ತೇ ಹೊರತು, ಗೋರಿಯೊಳಗೆ ಮಲಗಿದವನ ಬಗ್ಗೆ ಅವನು ಯೋಚಿಸಿರಲಿಲ್ಲ.

ಈಗ ಅವನು ಅಮೆರಿಕದ ಮಿಶಿಗನ್ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ, ಹೆಂಡತಿ ನಿರುಪಮಾ ಮತ್ತು ಇಲ್ಲೇ ಹುಟ್ಟಿದ ಏಳು ವರ್ಷದ ಮಗಳು ಇಶಾಳೊಂದಿಗೆ ಇದ್ದಾನೆ. ದಿನಾ ಇಪ್ಪತ್ತು ಮೈಲಿ ಕಾರು ಓಡಿಸಿ ಡಿಯರ್‌ಬಾರ್ನ್‌ಗೆ ಹೋಗಿ, ಕಾರುಗಳ ಬ್ರೇಕಿನೊಳಗಿನ ಪುಟ್ಟ ಕಂಪ್ಯೂಟರುಗಳನ್ನು ಪರೀಕ್ಷೆ ಮಾಡುತ್ತಾನೆ. ಆದರೆ ಅವನು ಆ ಕಾರು ಕಂಪನಿಯ ನೌಕರನಲ್ಲ. ಅವನ ವೀಸಾ, ಗ್ರೀನ್ ಕಾರ್ಡಿನ ಅರ್ಜಿ ಎಲ್ಲವೂ ದ್ವಾರಕಾನಾಥ ಅಂಕಲ್ ಅವರ ಕಂಪನಿಯ ಹೆಸರಿನಲ್ಲಿವೆ. ಆ ಕಂಪನಿಗೊಂದು ಇಂಗ್ಲಿಷ್ ಹೆಸರಿದೆ, ಯಾರೂ ಬಳಸುವುದಿಲ್ಲ. ಎಲ್ಲರಿಗೂ ಅದು ‘ಅಂಕಲ್ ಕಂಪನಿ’. ಅಂಕಲ್ ತಮ್ಮವರನ್ನು ದೊಡ್ಡ ಕಂಪನಿಗಳಿಗೆ ಕಳಿಸುತ್ತಾರೆ, ಅವರ ಕಾಗದಪತ್ರಗಳನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುತ್ತಾರೆ. ಗ್ರೀನ್ ಕಾರ್ಡಿನ ಸರದಿ ಬರುವ ಹೊತ್ತಿಗೆ ಇಶಾಳ ಮದುವೆಯಾಗಿರುತ್ತದೆ ಎಂದು ನಿರುಪಮಾ ತಮಾಷೆ ಮಾಡುವುದುಂಟು. ಅಲ್ಲಿಯವರೆಗೆ ಮೂರು ಮೂರು ವರ್ಷಕ್ಕೊಮ್ಮೆ ವೀಸಾದ ಅವಧಿ ವಿಸ್ತರಿಸಿಕೊಳ್ಳಬೇಕು, ಅದಕ್ಕೆ ಅಂಕಲ್ ಸಹಿ ಬೇಕು. ಬೇರೆ ಕಂಪನಿಯವರು ಕರೆದು ಕಾಗದಗಳನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಮಾತ್ರ ಬಿಡುಗಡೆ. ಊರಿಗೆ ಹೋದರೆ ವೀಸಾದ ಮುದ್ರೆ ಸಿಗದೆ ವಾಪಸು ಬರಲಾಗದಿದ್ದರೇನು ಗತಿ ಎಂದು ಅವನು ಆರು ವರ್ಷದಿಂದ ಊರಿಗೂ ಹೋಗಿಲ್ಲ. ತಂಗಿಯ ಮದುವೆಯನ್ನು ಫೋನಿನಲ್ಲಿ ನೋಡಿ ಅಕ್ಷತೆಯನ್ನು ಫೋನಿನ ಮೇಲೇ ಹಾಕಿದ.

ಅಂಕಲ್ ಕೆಟ್ಟವರೆಂದು ಯಾರೂ ಹೇಳಲಾರರು. ಎಂಟು ವರ್ಷದ ಹಿಂದೆ ಜನವರಿಯ ಹಿಮದಲ್ಲಿ ವಿಮಾನ ಇಳಿದಾಗ, ತೆಳು ಸ್ವೆಟರ್ ತೊಟ್ಟ ನಾಗರಾಜನ ಹೆಗಲಿಗೆ ತಮ್ಮ ಜಾಕೆಟ್ ಹೊದಿಸಿದವರು ಅವರು. ಮನೆ ಸಿಗುವವರೆಗೆ ತಮ್ಮ ಬೇಸ್‌ಮೆಂಟಿನಲ್ಲಿ ಇರಿಸಿಕೊಂಡು ಎರಡು ತಿಂಗಳು ಅನ್ನ ಹಾಕಿದರು. “ನಾನಿರೋತನಕ ನಿಂಗೇನಪ್ಪ ಚಿಂತೆ?” ಎಂದು ಆಗ ಹೇಳಿದ ಮಾತನ್ನು ಪ್ರತಿ ಭೇಟಿಯಲ್ಲೂ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ನಾಗರಾಜನಿಗೆ ಅವರ ಕಪಾಟಿನೊಳಗಿನ ತನ್ನ ಕಾಗದಗಳು ನೆನಪಾಗುತ್ತವೆ.

ಕನ್ನಡ ಸಂಘದಲ್ಲೂ ಹಾಗೆಯೇ. ವರ್ಷಕ್ಕೊಬ್ಬರು ಅಧ್ಯಕ್ಷರಾಗುತ್ತಾರೆ, ಶಾಲು ಹೊದೆಯುತ್ತಾರೆ, ಇಳಿಯುತ್ತಾರೆ. ಅಂಕಲ್ ಮಾತ್ರ ‘ಪೋಷಕರು’. ಮೈಕ್ ಸೆಟ್ಟಿನ, ನಾಟಕದ ವೇಷಭೂಷಣಗಳ ಬೀರುವಿನ ಬೀಗದಕೈ ಹದಿನಾಲ್ಕು ವರ್ಷದಿಂದ ಅವರ ಸೊಂಟದಲ್ಲಿದೆ.

ಆ ವರ್ಷದ ದೀಪಾವಳಿಗೆ ಏನು ನಾಟಕ ಎಂಬ ಸಭೆಯಲ್ಲಿ ಅಂಕಲ್ ಹೇಳಿದರು: “ಪ್ರತಿ ಸಲ ವಿಜಯನಗರ, ಪ್ರತಿ ಸಲ ಕಿತ್ತೂರು. ಒಂದ್ಸಲ ಬೀದರ್ ಮಾಡೋಣ. ನಮ್ಮ ನಾಗರಾಜ ಅಲ್ಲಿಯೋನೇ, ಬರೀತಾನೆ.”

“ಅಂಕಲ್, ನಾ ಏನ್ ಬರೀಲಿ? ನನಗ ಬರಂಗಿಲ್ರಿ.”

“ಬರುತ್ತೆ ಬಿಡೋ. ಟೆಸ್ಟ್ ರಿಪೋರ್ಟ್ ಅಷ್ಟುದ್ದ ಬರೀತೀಯಲ್ಲ!”

ಎಲ್ಲರೂ ನಕ್ಕರು. ಹೀಗೆ ನಾಗರಾಜ ಲೈಬ್ರರಿಯಿಂದ ಮೂರು ದಪ್ಪ ಪುಸ್ತಕ ತಂದು, ತಾನು ಪುಕ್ಕಟೆಯಾಗಿ ಕೂತೆದ್ದ ಗೋರಿಯೊಳಗಿನವರು ಯಾರೆಂದು ಮೊದಲ ಸಲ ಓದಿದ. ಒಂದು ವಿಷಯಕ್ಕೆ ಎರಡು ಪುಸ್ತಕ ಎರಡು ಇಸವಿ ಕೊಟ್ಟರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅವನಿಗೆ ತಿಳಿದದ್ದು ಇಷ್ಟು. ಕಾಸಿಮ್ ಬರೀದ್ ಎಂಬ ತುರ್ಕ, ಬಹಮನಿ ಸುಲ್ತಾನರ ಮನೆಗೆ ಗುಲಾಮನಾಗಿ ಬಂದವನು. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದ, ವಾದ್ಯ ನುಡಿಸುತ್ತಿದ್ದ. ಕೊತ್ವಾಲನಾದ, ಕೊನೆಗೆ ವಜೀರನಾದ. ಆ ಹೊತ್ತಿಗೆ ದೊಡ್ಡ ರಾಜ್ಯ ಒಡೆದು ಬಿಜಾಪುರ, ಅಹಮದ್‌ನಗರ, ಬೇರಾರದ ಸರದಾರರು ತಮ್ಮ ತಮ್ಮ ಪಾಲು ಹಿಡಿದು ಕೂತಿದ್ದರು. ಕಾಸಿಮನ ಪಾಲಿಗೆ ಬಂದದ್ದು ಬೀದರ್ ಕೋಟೆ ಮತ್ತು ಅದರೊಳಗಿದ್ದ ಸುಲ್ತಾನ. ಅವನ ಮಗ ಅಮೀರ್ ಬರೀದನಂತೂ ತಂದೆಯನ್ನೂ ಮೀರಿಸಿದ. ದಖ್ಖಣದ ನರಿ ಎಂದು ಅವನಿಗೆ ಹೆಸರು. ಸುಲ್ತಾನ ಮಹಮೂದನನ್ನು ಅರಮನೆಯಲ್ಲೇ ಕೂಡಿಹಾಕಿ, ಊಟ ಬಟ್ಟೆ ಸಂಗೀತ ಯಾವುದಕ್ಕೂ ಕೊರತೆ ಮಾಡದೆ, ಅವನ ಹೆಸರಿನಲ್ಲಿ ತಾನು ಆಳಿದ. ಮಹಮೂದ ಸತ್ತ ಮೇಲೆ ಒಬ್ಬರ ಹಿಂದೊಬ್ಬರಂತೆ ನಾಲ್ವರನ್ನು ಕೂರಿಸಿದ. ಅವನ ಮಗ ಅಲಿ ಬರೀದ್ ಬಂದಾಗ ಕೂರಿಸಲು ಯಾರೂ ಉಳಿದಿರಲಿಲ್ಲ, ತಾನೇ ಶಾಹ ಎಂದು ಕರೆದುಕೊಂಡ. ಅಲ್ಲಿಂದ ಮುಂದೆ ಇಳಿಜಾರು. ಅಣ್ಣತಮ್ಮಂದಿರ ಕಚ್ಚಾಟ, ನುಂಗಲು ಕಾದ ಸುತ್ತಲಿನವರ ಬಾಯಿ. ಕೊನೆಗೊಂದು ದಿನ ಬಿಜಾಪುರದ ಆದಿಲ್ ಶಾಹ ಬಂದು ಕೊನೆಯ ಬರೀದನನ್ನು ಸಂಸಾರ ಸಮೇತ ಕರೆದೊಯ್ದು ತನ್ನ ಊರಿನಲ್ಲಿ ಸೆರೆಯಿಟ್ಟ. ಕೂಡಿಹಾಕಿದವರ ವಂಶ ಕೂಡಿಹಾಕಿಸಿಕೊಂಡು ಮುಗಿಯಿತು.

ಇಷ್ಟರಲ್ಲಿ ನಾಗರಾಜನನ್ನು ಕಾಡಿದ್ದು ಒಂದೇ ಪ್ರಸಂಗ. ಸುಲ್ತಾನ ಮಹಮೂದ ಒಮ್ಮೆ ತಪ್ಪಿಸಿಕೊಂಡಿದ್ದ. ಬೇರಾರದ ಇಮಾದ್ ಶಾಹ ಅವನಿಗೆ ಆಶ್ರಯ ಕೊಟ್ಟು, ಅವನಿಗಾಗಿಯೇ ಸೈನ್ಯ ಕಟ್ಟಿಕೊಂಡು ಬೀದರಿಗೆ ಬಂದ. ಎರಡೂ ಸೈನ್ಯ ಎದುರುಬದುರು ನಿಂತ ಹೊತ್ತಿನಲ್ಲಿ ಸುಲ್ತಾನ ಸ್ನಾನ ಮಾಡುತ್ತಿದ್ದನಂತೆ. ಕರೆಯಲು ಬಂದವನು, “ಯುದ್ಧದ ಹೊತ್ತಿನಲ್ಲಿ ಸ್ನಾನಕ್ಕೆ ಕೂತ ದೊರೆ ಎಲ್ಲರ ನಗೆಗೀಡಾಗದೆ ಇನ್ನೇನಾದಾನು” ಎಂಬರ್ಥದ ಮಾತಾಡಿದ. ಸುಲ್ತಾನನಿಗೆ ಸಿಟ್ಟು ಬಂತು. ಹೊರಗೆ ಬಂದು ಕುದುರೆ ಹತ್ತಿ ನೇರ ಎದುರು ಸೈನ್ಯಕ್ಕೆ, ತನ್ನನ್ನು ಕೂಡಿಹಾಕಿದ್ದ ಅಮೀರ್ ಬರೀದನ ಬಳಿಗೇ ನಾಗಾಲೋಟದಲ್ಲಿ ಹೋಗಿಬಿಟ್ಟ. ಹಳೆಯ ಚರಿತ್ರೆಕಾರರು ಬರೆದದ್ದು ಇಷ್ಟೇ. ನಿಜವೋ ಕಟ್ಟುಕತೆಯೋ ಬಲ್ಲವರು ಹೇಳಬೇಕು.

ಅಂಕಲ್ ಬೇಸ್‌ಮೆಂಟಿನಲ್ಲೇ ತಾಲೀಮು. ನಾಗರಾಜ ಎರಡು ತಿಂಗಳು ಮಲಗಿದ್ದ ಮೂಲೆಯಲ್ಲಿ ಈಗ ಥರ್ಮೋಕೋಲಿನ ಸಿಂಹಾಸನ ನಿಂತಿತ್ತು. ಅಮೀರ್ ಬರೀದನ ಪಾತ್ರ ಅಂಕಲ್‌ಗೆ. ಸುಲ್ತಾನನ ಪಾತ್ರ ನಾಗರಾಜನಿಗೇ ಬಂತು: “ನೀನು ಸಣ್ಣಗಿದೀಯ, ಕೈದಿ ಥರ ಕಾಣ್ತೀಯ.” ಅವನಿಗೆ ಮೂರು ಮಾತು. ಮೂರೂ ಒಂದೇ: “ಹಾಗೇ ಆಗಲಿ.”

ಸ್ನಾನದ ದೃಶ್ಯ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂಕಲ್ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು.

“ಇದು ಬೇಡ ಕಣೋ. ತಪ್ಪಿಸ್ಕೊಂಡೋನು ಯಾವನಾದ್ರೂ ಇಷ್ಟಕ್ಕೆ ವಾಪಸ್ ಬರ್ತಾನಾ? ಜನ ನಂಬಲ್ಲ. ‘ಸುಲ್ತಾನರು ಮರಳಿ ಬಂದರು’ ಅಂತ ಒಂದು ಲೈನ್ ಹಾಕು, ಸಾಕು.”

“ಪುಸ್ತಕದಾಗ ಹಂಗೇ ಅದ ಅಂಕಲ್.”

“ಪುಸ್ತಕದಲ್ಲಿ ಇರುತ್ತೆ. ಇದೇನಿದು, ಅಮೀರ್ ಬರೀದ್ ಕುಡಿದು ಮಲಗಿದಾಗ ಬಿಜಾಪುರದೋರು ಮಂಚ ಸಮೇತ ಹೊತ್ಕೊಂಡು ಹೋದ್ರು ಅಂತ? ಹೀರೋನ ಮಂಚ ಸಮೇತ ಹೊರ್ತೀಯೇನಯ್ಯಾ? ಅದೂ ತೆಗಿ. ಕೊನೇ ಸೀನೂ ತೆಗಿ. ದೀಪಾವಳಿ ದಿನ ಮಕ್ಕಳುಮರಿ ಬಂದಿರ್ತಾರೆ. ಏಳಿಗೆ ಇರ್ಲಿ, ಅವನತಿ ಯಾಕೆ?”

ನಾಗರಾಜ ತೆಗೆದ. ಅಂಕಲ್ ಹೇಳುವುದರಲ್ಲೂ ಸತ್ಯ ಇರಬಹುದು, ತನಗೇನು ಗೊತ್ತು ಎಂದುಕೊಂಡ. ಆದರೆ ತೆಗೆದ ಹಾಳೆಗಳನ್ನು ಹರಿಯಲು ಮನಸ್ಸಾಗದೆ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ಮಡಚಿಟ್ಟ.

ಮನೋಹರನ ಫೋನು ಬಂದದ್ದು ಅಕ್ಟೋಬರ್ ಮೊದಲ ವಾರ. ಮನೋಹರ ಮೈಸೂರಿನವನು, ಹಿಂದೆ ಅಂಕಲ್ ಕಂಪನಿಯಲ್ಲೇ ಇದ್ದವನು. ಐದು ವರ್ಷದ ಹಿಂದೆ ಹಾರಿ ಶಿಕಾಗೋ ಕಡೆ ಹೋಗಿ, ಆಸ್ಪತ್ರೆಯ ಯಂತ್ರಗಳನ್ನು ಮಾಡುವ ಒಂದು ಕಂಪನಿಯಲ್ಲಿ ಈಗ ಮ್ಯಾನೇಜರ್. ನೇಪರ್‌ವಿಲ್‌ನಲ್ಲಿ ಸ್ವಂತ ಮನೆ. ನಾಗರಾಜನನ್ನು ಅವನು ಯಾವತ್ತೂ ಹೆಸರು ಹಿಡಿದು ಕರೆದಿಲ್ಲ.

“ಏನೋ ಬೀದರ್ ಸುಲ್ತಾನ, ಇನ್ನೂ ಅಂಕಲ್ ಜೈಲಲ್ಲೇ ಇದೀಯಾ? ಕೇಳು. ನಮ್ಮಲ್ಲಿ ಒಂದು ಜಾಗ ಇದೆ. ಇಂಟರ್‌ವ್ಯೂ ಎಲ್ಲ ಫೋನಲ್ಲೇ ಮುಗಿಸ್ತೀನಿ. ಪೇಪರ್ಸ್ ಎಲ್ಲ ಕಂಪನಿನೇ ಟ್ರಾನ್ಸ್‌ಫರ್ ಮಾಡ್ಸುತ್ತೆ.”

ಎರಡು ವಾರದಲ್ಲಿ ಎಲ್ಲ ಆಯಿತು. ಉಳಿದದ್ದು ಒಂದು ಸಹಿ. ಮನೋಹರನ ಮೇಲಧಿಕಾರಿ ವಿವೇಕ್ ಎಂಬುವರು ಮನುಷ್ಯನನ್ನು ಮುಖತಃ ನೋಡದೆ ಯಾರನ್ನೂ ತೆಗೆದುಕೊಳ್ಳುವವರಲ್ಲ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಮನೋಹರನ ಮನೆಗೆ ತಿಂಡಿಗೆ ಬರುತ್ತಾರೆ, ಕಾಗದ ತರುತ್ತಾರೆ. ಮಧ್ಯಾಹ್ನ ಬೇರೆ ದೇಶಕ್ಕೆ ವಿಮಾನ. ಆ ಭಾನುವಾರವೇ ನರಕ ಚತುರ್ದಶಿ. ಆ ಭಾನುವಾರವೇ ಸಂಜೆ ನಾಲ್ಕಕ್ಕೆ, ಇತ್ತ ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ ನಾಟಕ.

ಅಂಕಲ್‌ಗೆ ಏನು ಹೇಳುವುದು? ಮೂರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ನಾಗರಾಜ ಹೇಳಿದ: “ನಿರುಪಮಾನ ಕಸಿನ್‌ದು ನೇಪರ್‌ವಿಲ್‌ನಾಗ ಸೀಮಂತ ಅದ ಅಂಕಲ್. ಹೋಗ್ಲೇಬೇಕು.”

ಅಂಕಲ್ ಅವನ ಮುಖವನ್ನೇ ನೋಡಿದರು. ಬೈಯುತ್ತಾರೆಂದು ಅವನು ಕಾದ. ಅವರು ಬೈಯಲಿಲ್ಲ.

“ಹೋಗ್ಬಾ. ಸುಲ್ತಾನ ಇಲ್ದಿದ್ರೂ ನಡೆಯುತ್ತೆ. ಸಿಂಹಾಸನದ ಮೇಲೆ ಒಂದು ಪೇಟ ಇಟ್ರೆ ಆಯ್ತು. ಅಮೀರ್ ಬರೀದ್‌ಗೆ ಬೇಕಾಗಿದ್ದೂ ಅಷ್ಟೇ ತಾನೆ?”

ಆ ಮಾತು ಹಲ್ಲಿಗೆ ಸಿಕ್ಕ ನಾರಿನಂತೆ ಶಿಕಾಗೋವರೆಗೂ ಅವನ ಜೊತೆ ಹೋಯಿತು.

ಶನಿವಾರ ಹೊರಟಾಗ ನಿರುಪಮಾ ಮಾತ್ರ ದಾರಿಯುದ್ದಕ್ಕೂ ಹಾಡು ಗುನುಗಿದಳು. ಬೀದರಿನಲ್ಲಿ ಶಾಲಾ ಟೀಚರಾಗಿದ್ದವಳು ಅವಳು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ದುಡಿಯುವ ಅನುಮತಿ ಇಲ್ಲ. ಹೊಸ ಕಂಪನಿಯವರು ಕಾಗದಗಳನ್ನು ಬೇಗ ನಡೆಸಿದರೆ ತನಗೂ ಆ ಅನುಮತಿ ಬರಬಹುದೆಂದು ಯಾರೋ ಹೇಳಿದ್ದರು. “ಕೈಯಾಗ ಚಾಕ್‌ಪೀಸ್ ಹಿಡದು ಎಂಟು ವರ್ಷ ಆತು ನೋಡ್ರಿ,” ಎಂದಳು, ಬೆರಳುಗಳನ್ನು ನೋಡಿಕೊಳ್ಳುತ್ತ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಮನೋಹರನ ಹೆಂಡತಿ ವಿನಿತಾ ಬಿಸಿ ಎಣ್ಣೆಯ ಬಟ್ಟಲು ಹಿಡಿದು ನಿಂತಳು. “ಹಬ್ಬದ ದಿನ ಎಣ್ಣೆ ಹಚ್ಕೊಳ್ದೆ ಸೈನ್ ಹಾಕ್ತೀರಾ? ಶುಭಕಾರ್ಯ. ಕೂತ್ಕೊಳ್ಳಿ.” ನಿರುಪಮಾ ಅವನ ನೆತ್ತಿಗೆ ಎಣ್ಣೆ ತಟ್ಟಿದಳು, ಇಶಾ ಮೂಗು ಮುಚ್ಚಿಕೊಂಡು “ಅಪ್ಪಾ, ಯು ಸ್ಮೆಲ್ ಲೈಕ್ ಎ ಟೆಂಪಲ್!” ಎಂದಳು. ಎಣ್ಣೆ ಒಳಗಿಳಿಯಲೆಂದು ಅರ್ಧ ಗಂಟೆ ಕೂತು ಅವನು ಮೇಲಿನ ಬಚ್ಚಲುಮನೆಗೆ ಹೋದ. ಒಂಬತ್ತಕ್ಕೆ ಇನ್ನೂ ಐವತ್ತು ನಿಮಿಷವಿತ್ತು. ಸೀಗೆಪುಡಿ ಹಚ್ಚಿ ಬಿಸಿನೀರಿನ ಕೆಳಗೆ ನಿಂತಾಗ, ಎಷ್ಟೋ ವರ್ಷಗಳ ಮೇಲೆ, ಅವನ ಮೈ ಸಡಿಲಾಯಿತು.

ಬಾಗಿಲು ಬಡಿದ ಸದ್ದು. “ಲೋ ಸುಲ್ತಾನ! ವಿವೇಕ್ ಬಂದ್ಬಿಟ್ರು ಕಣೋ. ಫ್ಲೈಟ್ ಬೇಗ ಆಗಿದೆಯಂತೆ. ಬಾ ಬೇಗ!”

“ಬಂದೆ, ಬಂದೆ! ಎಣ್ಣಿ ಹೋಗವಲ್ದು, ಎರಡ ನಿಮಿಷ!”

ಮರದ ಮನೆ. ಗೋಡೆಗಳು ರಟ್ಟಿನಷ್ಟು ತೆಳು. ಮನೋಹರ ಮೆಟ್ಟಿಲಿಳಿದು ಹೋದದ್ದು, ಕೆಳಗೆ ಇಂಗ್ಲಿಷಿನಲ್ಲಿ ಮಾತಾಡಿದ್ದು, ಗಾಳಿ ಬರುವ ತೂತಿನಿಂದ ತೇಲಿ ಬಂತು. “ಸಾರಿ ವಿವೇಕ್, ಹಿಸ್ ಮೆಜೆಸ್ಟಿ ಈಸ್ ಇನ್ ಹಿಸ್ ಬಾತ್.” ಇಬ್ಬರೂ ನಕ್ಕರು. ವಿವೇಕ್ ಅಮೆರಿಕದಲ್ಲೇ ಬೆಳೆದವರ ಎಳೆದೆಳೆದ ಕನ್ನಡದಲ್ಲಿ ಕೇಳಿದರು: “ಮನುಷ್ಯ ಹೇಗೆ? ಬಂದ್ಮೇಲೆ ನಿಲ್ತಾರಾ? ಮೂರು ವರ್ಷದ ಕಂಡೀಷನ್ ಇದೆ.”

“ಅಯ್ಯೋ, ಅದಕ್ಕೇನು ಯೋಚ್ನೆ ಮಾಡ್ಬೇಡಿ,” ಮನೋಹರನ ದನಿ. “ಎಂಟು ವರ್ಷ ಅಂಕಲ್ ಹಾಕಿದ್ದು ತಿಂದ್ಕೊಂಡು ಕೂತಿದ್ದೋನು. ನಾನೇ ಎತ್ಕೊಂಡು ಬಂದಿದೀನಿ. ಕೂರಿಸಿದ ಕಡೆ ಕೂರ್ತಾನೆ.”

ಸೀಗೆಪುಡಿ ಕಣ್ಣಿಗೆ ಹೋಯಿತು. ನಾಗರಾಜ ಕಣ್ಣುಜ್ಜಿಕೊಳ್ಳಲಿಲ್ಲ. ಉರಿಯಲಿ ಎಂದು ನಿಂತ. ಮನೋಹರ ಕೆಟ್ಟದ್ದು ಬಯಸಿ ಆಡಿದ ಮಾತಲ್ಲ ಅದು. ಮೇಲಧಿಕಾರಿಗೆ ಸಾಮಾನು ಒಪ್ಪಿಸುವಾಗ ಯಾರಾದರೂ ಆಡುವ ಮಾತು. ಅದೂ ಅವನಿಗೆ ಗೊತ್ತಿತ್ತು. ಇಮಾದ್ ಶಾಹ ಬೀದರಿಗೆ ಸೈನ್ಯ ತಂದದ್ದು ಸುಲ್ತಾನನ ಮೇಲಿನ ಪ್ರೀತಿಗಲ್ಲ ಎಂದು ತಾನೇ ಟಿಪ್ಪಣಿ ಬರೆದದ್ದು ನೆನಪಾಯಿತು. ಇದು ಆ ಪ್ರಸಂಗವೇ, ತಾನು ಹರಿಯದೆ ಮಡಚಿಟ್ಟ ಹಾಳೆಯೇ ಎಂಬುದೂ ತಿಳಿಯಿತು. ತಿಳಿದ ಮೇಲೆ ಹಾಗೆ ಮಾಡಬಾರದಲ್ಲ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡ. ಟವಲಿನಿಂದ ತಲೆ ಒರೆಸಿಕೊಂಡು ಅಂಗಿ ತೊಟ್ಟ.

ಕೆಳಗೆ ಹೋದಾಗ ಮೇಜಿನ ಮೇಲೆ ಕಾಗದವಿತ್ತು. ಅದರ ಮೇಲೆ ಪೆನ್ನು. ಪಕ್ಕದಲ್ಲಿ ಕಜ್ಜಾಯದ ತಟ್ಟೆ.

“ಬಾರೋ ಮಹಾರಾಯ. ಒತ್ತು ಮುದ್ರೆ,” ಎಂದ ಮನೋಹರ.

“ಸಂಜಿಗೆ ನಾಟಕ ಅದ,” ಎಂದ ನಾಗರಾಜ. “ನಾ ಹೋಗ್ಬೇಕು.”

“ಯಾವ ನಾಟಕನೋ?”

“ಸುಲ್ತಾನನ ಪಾತ್ರ ನಂದೇ ಅದ.”

ಮನೋಹರ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. ವಿವೇಕ್ ಗಡಿಯಾರ ನೋಡಿದರು. “ನಾಗರಾಜ್, ಸೈನ್ ಮಾಡಿ ಹೋಗಿ. ಟೂ ಮಿನಿಟ್ಸ್.” ಎರಡು ನಿಮಿಷ ಎಂಬುದು ನಿಜವೇ. ನಾಗರಾಜನ ಕೂದಲಿನಿಂದ ಎಣ್ಣೆನೀರಿನ ಹನಿ ಕಾಗದದ ಮೇಲೆ ಬಿತ್ತು. ಅವನು ಅಂಗಿಯ ತೋಳಿನಿಂದ ಅದನ್ನು ಜೋಪಾನವಾಗಿ ಒರೆಸಿ, “ನಿಮಗ ತ್ರಾಸ್ ಕೊಟ್ಟೆ, ಮಾಫ್ ಮಾಡ್ರಿ,” ಎಂದು ಕೈಮುಗಿದು, ಕಾರಿನ ಬೀಗದಕೈ ತೆಗೆದುಕೊಂಡ.

ನಿರುಪಮಾ ಇಶಾಳ ಕೈ ಹಿಡಿದು ಬಂದು ಕಾರು ಹತ್ತಿದಳು, ಕಾರು ಐ-ತೊಂಬತ್ನಾಲ್ಕು ಹೆದ್ದಾರಿ ಹಿಡಿಯಿತು. ಟ್ರಕ್ಕುಗಳ ನಡುವೆ ಎಪ್ಪತ್ತೈದು ಮೈಲಿ ವೇಗದಲ್ಲಿ ಅವನು ಓಡಿಸುತ್ತಿದ್ದ. ಮಿಶಿಗನ್ ಗಡಿ ದಾಟಿದಾಗ ಅಲ್ಲಿಯ ಸಮಯಕ್ಕೆ ಗಡಿಯಾರ ಒಂದು ಗಂಟೆ ಮುಂದೆ ಹಾರಿತು. ಕಲಮಜೂ ಹತ್ತಿರದ ರೆಸ್ಟ್ ಏರಿಯಾದಲ್ಲಿ ಕಾರು ನಿಂತಾಗ ನಿರುಪಮಾ ಬಾಯಿ ಬಿಟ್ಟಳು. ಅತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

“ಒಂದ್ ಮಾತ್ ಕೇಳ್ತೀನಿ. ಆ ಸುಲ್ತಾನ ಕುದುರಿ ಹತ್ತಿ ವಾಪಸ್ ಓಡ್ಯಾನಲ್ಲ, ಅವನ ಹೇಣ್ತಿ ಏನಂದಳು? ನಿಮ್ಮ ಪುಸ್ತಕದಾಗ ಅದನೇನು?”

“ಇಲ್ಲ.”

“ಅಕಿ ಯಾವ ಕಡಿ ಉಳದ್ಲು? ಅದಾದ್ರೂ ಅದನೇನು?”

“ಇಲ್ಲ ನಿರುಪಮಾ.”

“ಇರಂಗಿಲ್ಲ,” ಎಂದಳು ಅವಳು. “ಮನೋಹರ ನಕ್ಕಿದ್ದು ನಾನೂ ಕೇಳ್ಸಿಕೊಂಡೀನಿ. ನಾ ಅಡಗಿಮನ್ಯಾಗೇ ಇದ್ದೆ. ನನಗ ಸಿಟ್ಟು ಬರಲಿಲ್ಲಂತ ತಿಳದೀರೇನು? ಆದ್ರ ನಾ ಆಗ ಕಜ್ಜಾಯ ತಟ್ಟಿಗೆ ಹಾಕಲಿಕ್ಕತ್ತಿದ್ದೆ. ನನ್ನ ಸಿಟ್ಟಿಗೆ ಕುದುರಿ ಇಲ್ರಿ.”

ಹಿಂದಿನ ಸೀಟಿನಿಂದ ಇಶಾ: “ಅಪ್ಪಾ, ಸೋ ಆರ್ ವಿ ನಾಟ್ ಮೂವಿಂಗ್?” ನಿರುಪಮಾಳ ಕೈಯಲ್ಲಿದ್ದ ನಾಗರಾಜನ ಫೋನು ಟಿಣ್ ಎಂದಿತು, ಮನೋಹರನ ಸಂದೇಶ. ಅವಳೇ ಓದಿದಳು, ಹಾಜರಿ ಕೂಗುವ ಟೀಚರಿನ ದನಿಯಲ್ಲಿ: “‘ವಿವೇಕ್ ಬೇರೆಯವರನ್ನ ನೋಡ್ತಾರಂತೆ. ನನ್ನ ಮುಖಕ್ಕೂ ಮಸಿ ಬಳಿದೆ. ಒಳ್ಳೇದಾಗ್ಲಿ.’ ನಡೀರಿ ಇನ್ನ. ನಾಟಕಕ್ಕ ಹೊತ್ತಾಗ್ತದ.”

ರಸ್ತೆ ದುರಸ್ತಿಯ ಕಡೆ ನಿಂತು ನಿಂತು, ನಾಲ್ಕೂ ಇಪ್ಪತ್ತಕ್ಕೆ ಅವರು ನಾರ್ತ್‌ವಿಲ್ ತಲುಪಿದರು. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದ ತುಂಬ ರೇಷ್ಮೆ ಸೀರೆ, ಮಕ್ಕಳ ಗದ್ದಲ, ಹೊರಗಿನ ಕಾರಿಡಾರಿನಿಂದ ಬಿಸಿಬೇಳೆಬಾತಿನ ವಾಸನೆ. ನಾಗರಾಜ ಪಕ್ಕದ ಬಾಗಿಲಿನಿಂದ ಪರದೆಯ ಹಿಂದೆ ಹೋದ. ನಾಟಕ ನಡೆಯುತ್ತಿತ್ತು. ಅಂಕಲ್ ಕೆಂಪು ಅಂಗರಖಾ ತೊಟ್ಟು, ಗಡ್ಡ ಅಂಟಿಸಿಕೊಂಡು ನಿಂತಿದ್ದರು. ಸಿಂಹಾಸನದ ಮೇಲೆ ಹಸಿರು ಪೇಟವೊಂದು ಕೂತಿತ್ತು. ಅಂಕಲ್ ಅದರತ್ತ ಬಾಗಿ, “ಹುಜೂರ್, ಫರ್ಮಾನು ಸಿದ್ಧವಾಗಿದೆ” ಎನ್ನುತ್ತಿದ್ದರು, ಪರದೆಯ ಹಿಂದಿನಿಂದ ಯಾರೋ ಸುಲ್ತಾನನ ಬದಲು “ಹಾಗೇ ಆಗಲಿ” ಎನ್ನುತ್ತಿದ್ದರು, ಜನ ನಗುತ್ತಿದ್ದರು. ಬೀದರಿನ ಚರಿತ್ರೆಯನ್ನು ಅದಕ್ಕಿಂತ ಚೆನ್ನಾಗಿ ಯಾರೂ ತೋರಿಸಲಾರರು ಎಂದು ನಾಗರಾಜನಿಗೇ ಅನಿಸಿತು. ಅವನಿಲ್ಲದೆ ನಾಟಕ ಇನ್ನಷ್ಟು ಚೆನ್ನಾಗಿತ್ತು.

ಅಲ್ಲಿಂದಲೇ ಹಿಂದಿರುಗಬಹುದಿತ್ತು. ಆದರೆ ಇನ್ನೂರ ತೊಂಬತ್ತು ಮೈಲಿ ಬಂದ ಕಾಲುಗಳು ನಿಲ್ಲಲಿಲ್ಲ. ಜೀನ್ಸ್ ಪ್ಯಾಂಟಿನಲ್ಲೇ, ಎಣ್ಣೆಗೂದಲಿನಲ್ಲೇ ಅವನು ರಂಗದ ಮೇಲೆ ಹೋದ, ಪೇಟವನ್ನೆತ್ತಿ ತಲೆಗಿಟ್ಟುಕೊಂಡು ಸಿಂಹಾಸನದ ಮೇಲೆ ಕೂತ. ಥರ್ಮೋಕೋಲು ಕಿರ್ರೆಂದಿತು. ಸಭೆ ಇದೂ ನಾಟಕದ್ದೇ ಎಂದು ತಿಳಿದು ಚಪ್ಪಾಳೆ ತಟ್ಟಿತು.

ಅಂಕಲ್ ಚಪ್ಪಾಳೆಯ ಕಡೆ ನೋಡಲಿಲ್ಲ. ಮುಂದಿನ ಮಾತು ಅವರಿಗೆ ಮರೆತುಹೋಯಿತು. ಮರೆಯಿಂದ ಯಾರೋ ಪಿಸುಗುಟ್ಟಿದ ಮೇಲೆ, “ಸುಲ್ತಾನರು... ಮರಳಿ ಬಂದರು,” ಎಂದರು.

“ಹಾಗೇ ಆಗಲಿ,” ಎಂದ ನಾಗರಾಜ.

ಪರದೆ ಬಿದ್ದ ಮೇಲೆ, ಪಕ್ಕದ ತರಗತಿಯೊಂದರಲ್ಲಿ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತು ಅಂಕಲ್ ಗಡ್ಡ ಕೀಳುತ್ತಿದ್ದರು. ಅವರ ಮಗ ಕುನಾಲ್ ಬಾಗಿಲಲ್ಲಿ ಫೋನು ನೋಡುತ್ತ ನಿಂತಿದ್ದ. ಮೂವತ್ತೆರಡರ, ಇಲ್ಲೇ ಹುಟ್ಟಿದ ಹುಡುಗ; ಎರಡು ವರ್ಷದಿಂದ ಕಂಪನಿಯ ಒಡೆತನ, ಲೆಕ್ಕಪತ್ರವೆಲ್ಲ ಅವನ ಹೆಸರಿನಲ್ಲೇ. ಅಂಕಲ್ ಅವನಿಗೆ ಹೊರಗಿರಲು ಕೈಸನ್ನೆ ಮಾಡಿದರು.

“ಯಾಕೋ ಬಂದೆ?”

ನಾಗರಾಜ ಪೇಟ ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟ.

“ಸೀಮಂತಾನೂ ಇಲ್ಲ, ಗೀಮಂತಾನೂ ಇಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೋ. ಮನೋಹರ ಅಲ್ಲಿದಾನೆ ಅನ್ನೋದು ನಂಗೆ ಗೊತ್ತಿಲ್ವಾ? ಹೋಗ್ಲಿ ಅಂತಾನೇ ಬಾಯಿ ಮುಚ್ಕೊಂಡಿದ್ದೆ. ‘ಹೋಗು’ ಅಂತ ಬಾಯ್ಬಿಟ್ಟು ಹೇಳೋಕೆ ನಾಲಿಗೆ ಏಳ್ಲಿಲ್ಲ, ಪೇಟ ಗೀಟ ಅಂತ ಏನೋ ಅಂದೆ.” ಗಡ್ಡದ ಅಂಟು ಪರ್ರೆಂದು ಬಿಟ್ಟಿತು. “ಕುನಾಲ್ ಕಂಪನಿ ಮಾರ್ದ. ಜನವರಿಯಿಂದ ಟೆಕ್ಸಸ್‌ನೋರದ್ದು. ನಂಗೆ ತಿಳಿಸಿದ್ದು ಎಲ್ಲ ಆದ್ಮೇಲೆ.”

“ನನ್ನ ಪೇಪರ್ಸ್, ಅಂಕಲ್?”

“ಕೇಳ್ದೆ. ‘ದೇ ವಿಲ್ ಟೇಕ್ ಕೇರ್, ಡ್ಯಾಡ್’ ಅಂದ. ಇನ್ಮೇಲೆ ನಾನು ಕೇಳಬಹುದು, ಅಷ್ಟೇ. ಬೇರೇನೂ ಮಾಡೋಕಾಗಲ್ಲ.” ಅವರು ತಲೆಯೆತ್ತಿದರು. ಒಂದು ಕೆನ್ನೆಗೆ ಗಡ್ಡವಿತ್ತು, ಇನ್ನೊಂದಕ್ಕೆ ಇರಲಿಲ್ಲ. “ಸಹಿ ಮಾಡಿದ್ಯೇನೋ? ಮಾಡಿ ಬಂದಿದೀಯ ತಾನೆ?”

ನಾಗರಾಜ ಇಲ್ಲವೆಂದು ತಲೆಯಾಡಿಸಿದ. ಅಂಕಲ್ ಕೈ ಸೊಂಟಕ್ಕೆ ಹೋಗಿ ಬೀರುವಿನ ಬೀಗದಕೈ ಮುಟ್ಟಿ ನೋಡಿಕೊಂಡಿತು. ‘ನಾನಿರೋತನಕ’ ಎಂಬ ಮಾತು ಆ ದಿನ ಅವರ ಬಾಯಿಂದ ಬರಲಿಲ್ಲ. ಬಂದಿದ್ದರೇ ವಾಸಿಯಿತ್ತು ಎಂದು ನಾಗರಾಜನಿಗೆ ಅನಿಸಿತು.

ಹೊರಗೆ ಪಾರ್ಕಿಂಗ್ ಜಾಗದಲ್ಲಿ ಇಶಾ ಉಳಿದ ಮಕ್ಕಳೊಂದಿಗೆ ಸುರುಸುರುಬತ್ತಿ ಹಚ್ಚಿ ಕುಣಿಯುತ್ತಿದ್ದಳು. ನಿರುಪಮಾ ಕಾರಿನಲ್ಲಿ ಕೂತು, ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ತೆಗೆದ ಹಾಳೆಗಳನ್ನು ಓದುತ್ತಿದ್ದಳು. ಅವನು ಬಾಗಿಲು ತೆರೆದಾಗ ತಲೆಯೆತ್ತದೆ, “ಇಲ್ಲೊಂದು ತಪ್ಪು ಅದ, ತಿದ್ದೀನಿ,” ಎಂದಳಷ್ಟೇ.

ಹೊಸ ಮಾಲೀಕರು ನಾಗರಾಜನನ್ನು ಇಟ್ಟುಕೊಂಡಿದ್ದಾರೆ. ಡಿಯರ್‌ಬಾರ್ನ್‌ನಲ್ಲಿ ಅದೇ ಮೇಜು, ಅದೇ ಬ್ರೇಕು. ಗ್ರೀನ್ ಕಾರ್ಡಿನ ಕಾಗದಗಳ ಬಗ್ಗೆ ಕೇಳಿದರೆ, ಪರಿಶೀಲನೆಯಲ್ಲಿದೆ ಎಂದು ಒಂದು ಯಂತ್ರ ಉತ್ತರ ಬರೆಯುತ್ತದೆ. ಅಂಕಲ್ ಮನೆ ಮಾರಿ ಮಗನ ಮನೆಯಲ್ಲಿದ್ದಾರೆ. ಬೀರುವಿನ ಬೀಗದಕೈಯನ್ನು ಯಾರಿಗೆ ಕೊಟ್ಟರೋ ಸಂಘದವರಿಗೂ ಸರಿಯಾಗಿ ಗೊತ್ತಿಲ್ಲ.

ಆ ಸುಲ್ತಾನ ಯಾಕೆ ಹಿಂತಿರುಗಿದ ಎಂಬುದು ತಿಳಿದಿಲ್ಲ. ಸಿಟ್ಟು ಬಂತು ಎಂದು ಬರೆದವರು ಅವನ ತಲೆಯೊಳಗೆ ಹೋಗಿ ನೋಡಿದವರಲ್ಲ. ನಾಗರಾಜನನ್ನು ಕೇಳಿದರೆ ಅವನೂ ಒಂದೊಂದು ಸಲ ಒಂದೊಂದು ಕಾರಣ ಹೇಳುತ್ತಾನೆ, ಹೇಳಿ ಮುಗಿಸುವ ಮೊದಲೇ ಅಲ್ಲವೇನೋ ಎನ್ನುತ್ತಾನೆ. ಸುಲ್ತಾನನ ಹೆಂಡತಿ ಅಂದು ಏನೆಂದಳು, ಯಾವ ಕಡೆ ಉಳಿದಳು ಎಂಬುದೂ ಇದನ್ನು ಬರೆದವರಿಗೆ ಎಷ್ಟು ಹುಡುಕಿದರೂ ಸಿಗಲಿಲ್ಲ.